ಮನಿ ಕಂಪ್ಯೂಟರಿನ ನಂಬರ್

ಹ್ವಾದ ವರ್ಷ ರಾಣೆಬೆನ್ನೂರಾಗ ತಂಗಿ ಮಗಳ ಮದುವಿ ಇತ್ರೀ. ನಮ್ಮವ್ವ ಬ್ಯಾಡಗ್ಯಾಗ ಹಾಡಿದ್ದ ಸೋಬಾನ, ಜೋಗುಳ ಎಲ್ಲಾ ಮೊಬೈಲಿನ್ಯಾಗ ಹಿಡಿದು ಹಾವೇರಿ ಮನಿ ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಅವ್ವ ಈಗಿಲ್ಲ. ಅರಿಷಿಣ ಹಚ್ಚೂ ಹೊತ್ತಿಗೆ ಆಕಿ ದನಿ ಕೇಳಸಬೇಕಂತ ತಂಗಿ ಆಸೆ. ನಾನು ಪೆನ್‌ಡ್ರೈವ್ ಮರತು ಬಂದಿದ್ದೆ. ಮನಿಗೆ ಕೀಲಿ, ಕಂಪ್ಯೂಟರ್ ಮಾತ್ರ ಚಾಲೂ.

"ನಂಬರ್ ಹೇಳವ್ವ, ಇಲ್ಲಿಂದನ ತಗೀತೀನಿ" ಅಂದ ಮಗ. ಚೀಟ್ಯಾಗ ಬರಕೊಂಡಿದ್ದು ಹೇಳಿದೆ: 192.168.1.7. ಎಷ್ಟು ಹೊಡೆದ್ರೂ ಹತ್ತಲಿಲ್ಲ.

ಆಮ್ಯಾಲೆ ತಿಳೀತು. ಆ ನಂಬರ್ ನಮ್ಮ ರೂಟರ್ ಮನಿ ಒಳಗಷ್ಟ ಕೊಟ್ಟಿದ್ದು. ಮನ್ಯಾಗ "ನಡುಮನ್ಯಾಗ ಐತಿ ನೋಡು" ಅಂದ್ರ ಸಾಕು. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ್ಯಾಗ ನಿಂತು ನಡುಮನಿ ಎಲ್ಲೈತಿ ಅಂತ ಕೇಳಿದ್ರ ಯಾರು ಹೇಳ್ತಾರ? 192.168 ಅನ್ನೂ ನಂಬರ್ ಊರ ತುಂಬ ಮನಿಮನ್ಯಾಗ ಇರ್ತಾವ. ಹೊರಗಿನ ನಂಬರ್ ಇಂಟರ್ನೆಟ್ಟಿನವರು ಕೊಡೂದು. ಕರೆಂಟ್ ಹೋಗಿ ರೂಟರ್ ಮತ್ತ ಹತ್ತಿದ್ರ ಅದು ಬದಲಾಗಬಹುದು.

ಅವತ್ತು ಅವ್ವನ ಪದ ಇಲ್ಲದನ ಅರಿಷಿಣ ಆತು. ತಂಗಿ ಏನೂ ಅನ್ನಲಿಲ್ಲ. ಅದ ನನಗ ಹೆಚ್ಚು ಚುಚ್ಚಿತು.

ಹಾವೇರಿಗೆ ಬಂದು ಮಗ ಒಂದು ಶೆಲ್ ಸ್ಕ್ರಿಪ್ಟ್ ಬರದ. ಅಂದ್ರ ಕಂಪ್ಯೂಟರಿಗೆ ಬರದಿಟ್ಟ ಕೆಲಸದ ಚೀಟಿ, ಅಷ್ಟ. ನಮ್ಮದು ಲಿನಕ್ಸ್. ಒಳಗಿನ ನಂಬರ್ ಹೋಸ್ಟ್‌ನೇಮ್ ಅನ್ನೂ ಆಜ್ಞೆ ಹೇಳ್ತೈತಿ. ಹೊರಗಿನದಕ್ಕ ಕರ್ಲ್ ಅನ್ನೂದು ಹೊರಗಿನ ಒಂದು ತಾಣಕ್ಕ ಹೋಗಿ "ನಾನು ಯಾವ ನಂಬರಿಂದ ಬಂದೀನಿ" ಅಂತ ಕೇಳಿ ಬರ್ತೈತಿ. ಹಿಂದ ಬರದಿಟ್ಟ ನಂಬರಿಗೆ ತಾಳೆ ನೋಡ್ತೈತಿ. ಒಂದ ಇದ್ರ ಸುಮ್ನಿರ್ತೈತಿ, ಬ್ಯಾರೆ ಇದ್ರ ಹೊಸಾದು ಬರದಿಟ್ಟು ನಮಗ ಮೇಲ್ ಹಾಕ್ತೈತಿ. ಐದೈದು ನಿಮಿಷಕ್ಕೊಮ್ಮೆ ಇದನ್ನ ನಡಸಾಕ ಕ್ರಾನ್ ಅನ್ನೂ ಕಾವಲುಗಾರ ಅದಾನ. ಹೊರಗಿಂದ ಬಂದವರನ್ನ ಕಂಪ್ಯೂಟರಿಗೆ ಮುಟ್ಟಸು ಅಂತ ರೂಟರಿಗೂ ಹೇಳಬೇಕು, ಅದು ಪೋರ್ಟ್ ಫಾರ್ವರ್ಡಿಂಗ್.

ನಂಬರ್ ಗೊತ್ತಾದ್ರ ಮನಿ ಹೊಕ್ಕಂಗಲ್ಲ, ಕೀಲಿ ಬ್ಯಾರೆ. ಎಸ್‌ಎಸ್‌ಎಚ್ ಕೀಲಿ ಮಗನ ಲ್ಯಾಪ್‌ಟಾಪಿನ್ಯಾಗಷ್ಟ ಐತಿ. ಇನ್ನೊಂದು ಮಾತು: ನಿಮ್ಮ ರೂಟರ್ ತೋರ್ಸೂ ಹೊರಗಿನ ನಂಬರಿಗೂ ಸ್ಕ್ರಿಪ್ಟ್ ತಂದ ನಂಬರಿಗೂ ತಾಳೆ ಆಗದಿದ್ರ, ಕಂಪನಿಯವರು ಬಾಳ ಮನಿಗೆ ಕೂಡಿ ಒಂದ ನಂಬರ್ ಕೊಟ್ಟಿರಬಹುದು. ಆಗ ಈ ಉಪಾಯ ನಡ್ಯಾಂಗಿಲ್ಲ, ಅವರನ್ನ ಕೇಳ್ರಿ.

ಮೊನ್ನೆ ಬ್ಯಾಡಗಿ ತವರಮನ್ಯಾಗ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯ. ಮುಂಜಾನೆ ಹಾವೇರ್ಯಾಗ ಕರೆಂಟ್ ಹೋಗಿ ಬಂದಿತ್ತು, ಹೊಸ ನಂಬರಿನ ಮೇಲ್ ಬಂತು. ಮಗ ಲ್ಯಾಪ್‌ಟಾಪ್ ತಗದ. ಅವ್ವ ಹಾಡಿದ ಮನ್ಯಾಗನ ಅವ್ವನ ಜೋಗುಳ ಕೇಳಿತು. ತಂಗಿ ನನ್ನ ಕೈ ಹಿಡಕೊಂಡು ಕುಂತಿದ್ಳು.