ಜಡೆ ಬಿಚ್ಚುವ ದಾರಿ

ಕಲಬುರಗಿಯ ಬಹಮನಿ ಕೋಟೆಯನ್ನು ಹಿಂದಿಕ್ಕಿ ಹುಮನಾಬಾದಿನ ಹಾದಿ ಹಿಡಿದು ಕಮಲಾಪುರಕ್ಕೆ ಹೋದರೆ, ಪಯಣದ ಕೊನೆಗೆ ಕಣ್ಣಿಗೆ ಬೀಳುವುದು ಆ ಊರಿನ ಹೆಸರಾಂತ ಕೆಂಪು ಬಾಳೆಯ ತೋಟ. ಮರಳುವಾಗ ಮೊದಲು ಕಾಣುವುದೂ ಅದೇ. ಜಡೆ ಕೋಲಾಟದ ಮರ್ಮವೂ ಇಷ್ಟೇ.

ಮೇಲಿನಿಂದ ಇಳಿಬಿಟ್ಟ 8 ಹಗ್ಗಗಳು. ಒಂದೊಂದರ ತುದಿ ಒಬ್ಬೊಬ್ಬರ ಕೈಯಲ್ಲಿ. ನಾಲ್ವರು ಬಲಸುತ್ತು, ನಾಲ್ವರು ಎಡಸುತ್ತು. ಎದುರಾದವರನ್ನು ಒಮ್ಮೆ ಹೊರಗಿನಿಂದ, ಒಮ್ಮೆ ಒಳಗಿನಿಂದ ದಾಟುತ್ತ ಸಾಗಿದಂತೆ ಜಡೆ ಹೆಣೆದುಕೊಳ್ಳುತ್ತದೆ. ನಗರದ ಶಾಲೆಗಳ ವಾರ್ಷಿಕೋತ್ಸವದಲ್ಲಿ ಇಷ್ಟಕ್ಕೇ ಚಪ್ಪಾಳೆ ಗಿಟ್ಟಿಸಿ ನಿಲ್ಲಿಸಿಬಿಡುವ ಮೇಳಗಳುಂಟು. ಹಾಗಾದರೆ ಅರ್ಧ ವಿದ್ಯೆ ಅಳಿದಂತೆಯೇ ಸರಿ.

ನಿಜವಾದ ಪರೀಕ್ಷೆ ಬಿಚ್ಚುವಾಗ. ಹಿಂದಿರುಗಿದೊಡನೆ ಕಾಲು ರೂಢಿಬಲದಿಂದ, 'ಹೊರಗಿನ ಸರದಿ ಮುಗಿಯಿತು, ಇನ್ನು ಒಳಗೆ' ಎನ್ನುತ್ತದೆ. ಒಬ್ಬರು ಹಾಗೆ ನುಸುಳಿದರೂ ಎಲ್ಲರ ಹಗ್ಗಗಳೂ ತೊಡಕಿಗೆ ಸಿಲುಕುತ್ತವೆ. ಕಡೆಯವರನ್ನು ಹೊರಗಿನಿಂದ ದಾಟಿದ್ದರೆ, ಮರಳುವಾಗಲೂ ಅವರನ್ನು ಹೊರಗಿನಿಂದಲೇ ದಾಟಬೇಕು. ಆಮೇಲೆ ಒಳಗೆ, ಮತ್ತೆ ಹೊರಗೆ. ಪದ ಹೇಳುವವರು ತಿರುಗುವ ಮುನ್ನವೇ, "ದಾಟಿದ ಬದಿಯಲ್ಲೇ ಮರಳಿರಿ!" ಎಂದು ಕೂಗಿ ಎಚ್ಚರಿಸಬೇಕು.

ಎಂಟೂ ಹಗ್ಗಗಳು ಬಿಡಿಬಿಡಿಯಾಗಿ ಜೋತುಬಿದ್ದ ಮೇಲೆಯೇ ಮಂಗಳ ಹಾಡುವುದು ಚೆನ್ನು.