ಸರೋವರದ ದೊರೆ

ಮೀನು ನನಗೆ ಆಹಾರವಲ್ಲ. ಗಾಳ ಹಿಡಿದು ದಡದಲ್ಲಿ ಕುಳಿತವನೂ ನಾನಲ್ಲ. ಆದರೂ ಉತ್ತರ ಅಮೆರಿಕದ ಸರೋವರಗಳಲ್ಲಿ ವಾಸಿಸುವ ಟ್ರೌಟ್ ಮೀನಿನ ಕಥೆ ಓದಿದಂದಿನಿಂದ ನನ್ನ ಮನಸ್ಸನ್ನು ಬಿಟ್ಟು ಕದಲದು.

ತಣ್ಣನೆಯ ಆಳವಾದ ನೀರೇ ಇದರ ಅರಮನೆ. ಅವಸರವೆಂಬುದನ್ನು ಇದು ಅರಿಯದು. ನಿಧಾನವಾಗಿ ಬೆಳೆದು, ಹಲವು ವರ್ಷಗಳ ಮೇಲೆ ಪ್ರಾಯಕ್ಕೆ ಬಂದು, ಶರತ್ಕಾಲದಲ್ಲಿ ಕಲ್ಲುಬಂಡೆಗಳ ಸಂದಿನಲ್ಲಿ ಮೊಟ್ಟೆಯಿಡುತ್ತದೆ. 1995ರಲ್ಲಿ ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 72 ಪೌಂಡು ತೂಗಿತಂತೆ!

ಇಂಥ ದೊರೆಗೂ ಕೇಡುಗಾಲ ಬಂದಿತು. ನಯಾಗರಾ ಜಲಪಾತವು ಮೇಲಿನ ಸರೋವರಗಳಿಗೆ ಕೋಟೆಯ ಗೋಡೆಯಾಗಿತ್ತು. ಹಡಗುಗಳ ಅನುಕೂಲಕ್ಕೆಂದು ಮನುಷ್ಯನು ಅದನ್ನು ಬಳಸಿ ಸಾಗುವ ವೆಲೆಂಡ್ ಕಾಲುವೆಯನ್ನು ತೋಡಿ, 1829ರಲ್ಲಿ ತೆರೆದನು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ರಕ್ತ ಹೀರುವ ಲ್ಯಾಂಪ್ರೇ 1921ರಲ್ಲಿ ಈರಿ ಸರೋವರದಲ್ಲಿ ಕಾಣಿಸಿಕೊಂಡು, 1938ರ ವೇಳೆಗೆ ಸುಪೀರಿಯರನ್ನೂ ಮುಟ್ಟಿತು. ಬಲೆಗಾರರ ಅತಿಯಾಸೆಯೂ ಅದಕ್ಕೆ ಜೊತೆಗೂಡಿತು. ಮಿಚಿಗನ್ ಸರೋವರದಲ್ಲಂತೂ ಟ್ರೌಟಿನ ಮೂಲ ಸಂತತಿಯೇ 1950ರ ದಶಕದಲ್ಲಿ ಅಳಿಯಿತು.

1955ರಲ್ಲಿ ಅಮೆರಿಕ, ಕೆನಡಾಗಳು ಕೂಡಿ ಆಯೋಗವೊಂದನ್ನು ರಚಿಸಿದವು. ವಿಜ್ಞಾನಿಗಳು ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ, ಲ್ಯಾಂಪ್ರೇ ಮರಿಗಳನ್ನು ಕೊಲ್ಲುವ ಮದ್ದನ್ನು ಕಂಡುಕೊಂಡರು. ಸುಪೀರಿಯರಿನಲ್ಲಿ ಇಂದು ಟ್ರೌಟ್ ಮತ್ತೆ ತಾನಾಗಿಯೇ ಸಂತಾನ ಬೆಳೆಸುತ್ತಿದೆ. ಆದರೆ ಲ್ಯಾಂಪ್ರೇ ನಿರ್ಮೂಲವಾಗಿಲ್ಲ. ಮದ್ದು ನಿಂತರೆ ಮತ್ತೆ ತಲೆಯೆತ್ತುತ್ತದೆ.

ಮೊದಲ ಕಾಲುವೆ ತೋಡಲು ಐದು ವರ್ಷ ಸಾಕಾಯಿತು. ಆ ಬಾಗಿಲನ್ನು ಕಾಯುವ ಕೆಲಸ ಮಾತ್ರ ತೋಡಿದವರ ಮರಿಮಕ್ಕಳ ಕಾಲಕ್ಕೂ ಮುಗಿದಿಲ್ಲ. ಅನುಕೂಲದ ಲೆಕ್ಕ ಬರೆಯುವಾಗ ಈ ಕಾವಲಿನ ಖರ್ಚನ್ನೂ ಒಂದು ಮೂಲೆಯಲ್ಲಿ ಬರೆದಿಡುವುದು ಲೇಸೆಂದು ನನಗೆ ತೋರುತ್ತದೆ.