ತೊಗರಿಯ ಕುಲವೂ ಶ್ರಾವಕನ ಕರ್ತವ್ಯವೂ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಎರೆಭೂಮಿಯ ತೊಗರಿಯನ್ನು ನಾಲ್ಕು ದಶಕಗಳಿಂದ ಕೊಂಡು ಮಾರುತ್ತಿರುವ ನಾನು ಅದರ ಧಾರಣೆಯನ್ನು ಬಲ್ಲೆ. ಕುಲವನ್ನು ಅರಿತದ್ದು ಈಚೆಗೆ.

ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಎಂಬ ಸೂಕ್ಷ್ಮಕಣಗಳಿಗೆ ತಮ್ಮದೇ ಆದ ವಂಶಲಿಪಿಯುಂಟು. ಹೂಬಿಡುವ ಬಹುತೇಕ ಸಸ್ಯಗಳಲ್ಲಿ ಅದು ತಾಯಿಯ ಕಡೆಯಿಂದಲೇ ಇಳಿದುಬರುವುದರಿಂದ ಮಾತೃಕುಲವನ್ನು ಗುರುತಿಸಲು ನಂಬಲರ್ಹವಾದ ದಾಖಲೆಯಾಗಿದೆ. 1986ರಲ್ಲಿ ಜಪಾನಿನ ವಿಜ್ಞಾನಿಗಳು ತಂಬಾಕಿನ ಈ ಲಿಪಿಯನ್ನು ಪೂರ್ಣವಾಗಿ ಓದಿದರು. 2016ರಲ್ಲಿ ಭಾರತೀಯ ವಿಜ್ಞಾನಿಗಳು ತೊಗರಿಯದನ್ನೂ ಅದರ ಕಾಡುಬಂಧುವಾದ ಕಜಾನಸ್ ಸ್ಕ್ಯಾರಬಿಯಾಯ್ಡಿಸ್ ಎಂಬ ಬಳ್ಳಿಯದನ್ನೂ ಪ್ರಕಟಿಸಿದರು. ಎರಡರಲ್ಲಿಯೂ ಸುಮಾರು 1,52,200 ಅಕ್ಷರಗಳು; ಉದ್ದದ ಅಂತರ ಐವತ್ತನ್ನೂ ಮುಟ್ಟದು.

ಈ ಕಾಡುಬಳ್ಳಿಯ ಕಾಯಿಯ ಮೇಲೆ ದಟ್ಟವಾದ ರೋಮಗಳಿವೆ. ಕಾಯಿಕೊರಕ ಹುಳು ಸುಲಭವಾಗಿ ಒಳಹೊಗಲಾರದು. ಇಂತಹ ಬಂಧುತ್ವವನ್ನು ತಿಳಿದು ತಳಿಗಾರರು ಆ ಗುಣವನ್ನು ಬೆಳೆಗೆ ತಂದರೆ ಹೊಲಕ್ಕೆ ಸಿಂಪಡಿಸುವ ವಿಷ ತಗ್ಗೀತು.

ಕೃಷಿಯಲ್ಲಿ ಆಗುವುದು ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದರ ಪೂರ್ಣತ್ಯಾಗ ಅಸಾಧ್ಯ; ಅಲ್ಪಗೊಳಿಸುವುದು ಕರ್ತವ್ಯ. ಬಸದಿಯ ಜಮೀನಿನ ಬದುವಿನಲ್ಲಿ ತಾನಾಗಿ ಹಬ್ಬಿದ ಬಳ್ಳಿಯನ್ನು ಕಳೆಯೆಂದು ಕೀಳಿಸುವ ಮುನ್ನ ಧರ್ಮದರ್ಶಿಗಳು ಇದನ್ನು ನೆನೆಯಬೇಕು. ಒಂದು ಏಕೇಂದ್ರಿಯ ಜೀವವನ್ನು ಉಳಿಸಿದರೆ ಅಸಂಖ್ಯ ತ್ರಸಜೀವಿಗಳೂ ಉಳಿದಾವು.